1-3 ಡಾಲರ್ ಪೋಕರ್ ಟೇಬಲ್‌ನಲ್ಲಿ ರಿವರ್‌ಗೆ ಬಂದ ಆಲ್-ಇನ್: ಎಲ್ಲಿ ಎಷ್ಟು ಬೆಟ್ ಮಾಡಬೇಕಿತ್ತು?

ಬಟನ್‌ಸೀಟು (ಮೂಲ ಪ್ರಶ್ನೆ):

ಸ್ಯಾನ್ ಹೋಸೆ ಸುತ್ತಮುತ್ತಲಿನ ಒಂದು ಕಾರ್ಡ್‌ರೂಮಿನಲ್ಲಿ ಕಳೆದ ಶನಿವಾರ ಆಡಿದ ಒಂದು ಹ್ಯಾಂಡನ್ನು ಪೂರ್ತಿ ವಿವರದೊಂದಿಗೆ ಇಲ್ಲಿ ಇಡುತ್ತಿದ್ದೇನೆ. ಆಟ ಪೋಕರ್‌ನ ನೋ-ಲಿಮಿಟ್ ಹೋಲ್ಡೆಮ್ (ತಲಾ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಬೆಟ್‌ಗೆ ಮಿತಿಯಿಲ್ಲ), ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಕಡ್ಡಾಯ ಹಣ) 1 ಮತ್ತು 3 ಡಾಲರ್, ಟೇಬಲ್ ಸುತ್ತ ಒಂಬತ್ತು ಜನ. ನನ್ನ ಮುಂದೆಯೂ ಎದುರಾಳಿಯ ಮುಂದೆಯೂ ತಲಾ 300 ಡಾಲರ್‌ನ ಚಿಪ್ಸ್ ಇದ್ದವು.

ಇಬ್ಬರು 3 ಡಾಲರ್ ಹಾಕಿ ಒಳಬಂದರು. ಬಟನ್‌ನಲ್ಲಿ (ಮುಂದಿನ ಸುತ್ತುಗಳಲ್ಲಿ ಕೊನೆಗೆ ಆಡುವ ಜಾಗದಲ್ಲಿ) ಇದ್ದ ನನಗೆ ಆಟೀನು ಎಕ್ಕ, ಕ್ಲಾವರ್ ರಾಣಿ ಬಂದಿದ್ದವು, 18ಕ್ಕೆ ಏರಿಸಿದೆ. ಬಿಗ್ ಬ್ಲೈಂಡ್‌ನವರೂ (3 ಡಾಲರ್‌ನ ಬ್ಲೈಂಡ್ ಇಟ್ಟವರು) ಒಳಬಂದಿದ್ದವರಲ್ಲಿ ಒಬ್ಬರೂ ಕಾಲ್ ಮಾಡಿದರು, ಅಂದರೆ ಅಷ್ಟೇ ಹಣ ಹಾಕಿದರು. ರೂಮಿನವರು ತೆಗೆದುಕೊಳ್ಳುವ ಶುಲ್ಕವನ್ನು ಬದಿಗಿಟ್ಟರೆ ಪಾಟ್ (ನಡುವೆ ಸೇರಿದ ಒಟ್ಟು ಹಣ) 58 ಡಾಲರ್. ಫ್ಲಾಪ್‌ನಲ್ಲಿ, ಅಂದರೆ ನಡುವಿನ ಮೊದಲ ಮೂರು ಎಲೆಗಳಾಗಿ, ಇಸ್ಪೀಟು ರಾಣಿ, ಇಸ್ಪೀಟು 8, ಡೈಮಂಡ್ 4 ಬಿದ್ದವು. ಇಬ್ಬರೂ ಚೆಕ್ ಮಾಡಿದರು, ಅಂದರೆ ಹಣ ಹಾಕದೆ ಸರದಿ ಮುಂದಕ್ಕೆ ಕೊಟ್ಟರು. ನಾನು 25 ಹಾಕಿದೆ. ಬಿಗ್ ಬ್ಲೈಂಡ್‌ನವರು ಕಾಲ್ ಮಾಡಿದರು, ಇನ್ನೊಬ್ಬರು ಎಲೆ ಬಿಟ್ಟರು. ಪಾಟ್ 108. ಟರ್ನ್‌ನಲ್ಲಿ (ನಾಲ್ಕನೆಯ ಎಲೆ) ಆಟೀನು 3 ಬಂತು. ಅವರು ಚೆಕ್, ನಾನು 50, ಅವರು ಕಾಲ್. ಪಾಟ್ 208, ಇಬ್ಬರ ಬಳಿಯೂ ಉಳಿದಿದ್ದು 207. ರಿವರ್‌ನಲ್ಲಿ (ಐದನೆಯ, ಕೊನೆಯ ಎಲೆ) ಕ್ಲಾವರ್ 6. ಅವರು ಮತ್ತೆ ಚೆಕ್ ಮಾಡಿದರು, ನಾನು 60 ಹಾಕಿದೆ, ಅವರು ಇದ್ದ 207ನ್ನೂ ಮುಂದಕ್ಕೆ ತಳ್ಳಿ ಆಲ್-ಇನ್ ಆದರು. ನಾನು ಇನ್ನು 147 ಕೊಡಬೇಕು.

ಎದುರಾಳಿ ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ನಾನು ಕಂಡಷ್ಟು ಹೊತ್ತು ಅವರು ಕಾಲ್ ಮಾಡಿ ನೋಡುತ್ತಿದ್ದುದೇ ಹೆಚ್ಚು, ತಾವಾಗಿ ಏರಿಸಿದ್ದು ತೀರಾ ಅಪರೂಪ. ನನ್ನ ಚಿಪ್ಸ್ ಗೆರೆ ದಾಟುವಷ್ಟರಲ್ಲೇ ಅವರ ಎರಡೂ ಕೈಗಳು ತಮ್ಮ ಚಿಪ್ಸ್ ಕಟ್ಟುಗಳ ಬುಡಕ್ಕೆ ಹೋಗಿದ್ದವು ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಏನು ಮಾಡಿದೆ ಎಂಬುದನ್ನು ಈಗಲೇ ಹೇಳುವುದಿಲ್ಲ, ಏಕೆಂದರೆ ಫಲಿತಾಂಶ ಗೊತ್ತಾದ ಮೇಲೆ ಎಲ್ಲರ ವಿಚಾರವೂ ಅದರ ಬೆನ್ನು ಹಿಡಿದು ಓಡುತ್ತದೆ. 147 ಕೊಡಬೇಕೇ, ಮತ್ತು ಅದಕ್ಕೂ ಹಿಂದಿನ ಮೂರು ಬೆಟ್‌ಗಳ ಗಾತ್ರ ಸರಿಯಿತ್ತೇ ಎಂಬುದು ನನ್ನ ಪ್ರಶ್ನೆ.

ಲೆಕ್ಕದಪುಸ್ತಕ:

ಮೊದಲು ಬೆಲೆಯನ್ನು ನೋಡೋಣ. ನಿಮ್ಮ ಮುಂದಿರುವ ಪಾಟ್ 208 + 60 + 207, ಅಂದರೆ 475. ನೀವು 147 ಕೊಟ್ಟರೆ ಒಟ್ಟು 622. 147ನ್ನು 622ರಿಂದ ಭಾಗಿಸಿದರೆ ಶೇಕಡಾ 23.6 ಬರುತ್ತದೆ. ನೂರರಲ್ಲಿ ಇಪ್ಪತ್ತನಾಲ್ಕು ಸಲ ನೀವು ಗೆದ್ದರೂ ಈ ಕಾಲ್ ನಷ್ಟವಲ್ಲ. ಹಲವರು ಇಲ್ಲಿಗೇ ನಿಲ್ಲಿಸಿ "ನಾಲ್ಕರಲ್ಲಿ ಒಂದು ಸಲ ಗೆದ್ದರೆ ಸಾಕಲ್ಲ" ಎಂದು ಚಿಪ್ಸ್ ತಳ್ಳುತ್ತಾರೆ. ಆದರೆ ಆ ನಾಲ್ಕರಲ್ಲಿ ಒಂದು ಎಲ್ಲಿಂದ ಬರುತ್ತದೆ ಎಂದು ಎಣಿಸುವುದೇ ನಿಜವಾದ ಕೆಲಸ.

ನಿಮ್ಮನ್ನು ಸೋಲಿಸುವ ಎಲೆಗಳು ಇವು: ಕೈಯಲ್ಲಿ 88, 44 ಅಥವಾ 33 ಇದ್ದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಆಗಿರುವುದು, ತಲಾ ಮೂರು ಬಗೆ (ಸಿಗಬಹುದಾದ ಎಲೆಜೋಡಿ), ಒಟ್ಟು ಒಂಬತ್ತು, ಒಂದೇ ಬಣ್ಣದ (ಎರಡೂ ಆಟೀನು ಅಥವಾ ಎರಡೂ ಡೈಮಂಡ್) ರಾಣಿ-8 ಎರಡು ಬಗೆ, ರಾಣಿ-6 ಎರಡು ಬಗೆ, ಇಸ್ಪೀಟು 7-5 ಒಂದು ಬಗೆ, ಅದು ಈ 6 ಬಿದ್ದೊಡನೆ 4ರಿಂದ 8ರವರೆಗಿನ ಸ್ಟ್ರೇಟ್ ಆಗಿದೆ. ಒಟ್ಟು ಹದಿನಾಲ್ಕು. ಕೈಯಲ್ಲಿ 66 ಇದ್ದವರು ಟರ್ನ್‌ನಲ್ಲಿ ಇನ್ನೂ 50 ಕೊಟ್ಟು ಕಾದಿರುವುದು ಕಷ್ಟ, ಅದನ್ನು ಬಿಟ್ಟಿದ್ದೇನೆ. ಈ ಹದಿನಾಲ್ಕರ ಎದುರು ನೀವು 147ರಂತೆ ಒಟ್ಟು 2,058 ಕಳೆಯುತ್ತೀರಿ. ಒಂದೊಂದು ಬ್ಲಫ್‌ನ (ಸೋಲುವ ಎಲೆ ಹಿಡಿದು ಹೆದರಿಸಲು ಹಾಕುವ ಬೆಟ್) ಎದುರು 475 ಗಳಿಸುತ್ತೀರಿ. ಹಾಗಾಗಿ ಅವರ ಕೈಯಲ್ಲಿ ಸುಮಾರು 4.3 ಬಗೆಯಷ್ಟು ಬ್ಲಫ್ ಇದ್ದರೆ ಲೆಕ್ಕ ಸರಿಹೋಗುತ್ತದೆ.

ಬಣ್ಣ ಕೂಡದೆ (ಐದು ಇಸ್ಪೀಟು ಆಗದೆ) ಉಳಿದ ಇಸ್ಪೀಟು ಜೋಡಿಗಳು, ಅಂದರೆ ಎಕ್ಕ-ರಾಜ, ಎಕ್ಕ-ಗುಲಾಮ, ರಾಜ-ಗುಲಾಮ, ಗುಲಾಮ-10, 10-9 ಮುಂತಾದವು, ಬಿಗ್ ಬ್ಲೈಂಡ್‌ನಿಂದ 18 ಕೊಟ್ಟು ಬರಬಹುದಾದವನ್ನೆಲ್ಲ ಸೇರಿಸಿದರೆ ಹದಿನೈದರ ಸುಮಾರಿಗೆ ಬರುತ್ತವೆ. ಇವುಗಳಲ್ಲಿ ಮೂರರಲ್ಲಿ ಒಂದನ್ನು ಅವರು ಹೀಗೆ ಚೆಕ್ ಮಾಡಿ ಏರಿಸುವ ಬ್ಲಫ್ ಆಗಿ ಬಳಸುವವರಾದರೆ ಕಾಲ್ ಮಾಡಿ. ನಿಮ್ಮ ಕೈಯಲ್ಲಿ ಇಸ್ಪೀಟು ಇಲ್ಲ ಎಂಬುದೂ ಕಾಲ್ ಕಡೆಗೇ ವಾಲುವ ಅಂಶ. ನಿಮ್ಮ ಎಕ್ಕ ಇಸ್ಪೀಟಿನದಾಗಿದ್ದರೆ ಅವರ ಬ್ಲಫ್‌ಗಳಲ್ಲಿ ಅರ್ಧದಷ್ಟು ನಿಮ್ಮ ಕೈಯಲ್ಲೇ ಸತ್ತುಹೋಗಿರುತ್ತಿದ್ದವು.

ಸಾಲ್ವರ್‌ಪ್ರಿಯ:

ನಾನು ಕಾಲ್ ಎನ್ನುತ್ತೇನೆ. ಎದುರಾಳಿ 268 ಗೆಲ್ಲಲು 207ನ್ನು ಒಡ್ಡುತ್ತಿದ್ದಾರೆ. ನೀವು ನೂರರಲ್ಲಿ 44ಕ್ಕಿಂತ ಹೆಚ್ಚು ಸಲ ಎಲೆ ಬಿಟ್ಟರೆ ಅವರು ಯಾವ ಎರಡು ಎಲೆ ಹಿಡಿದು ಹೀಗೆ ಮಾಡಿದರೂ ಲಾಭದಲ್ಲಿರುತ್ತಾರೆ. ರಾಣಿಯ ಜೋಡಿಗೆ ಎಕ್ಕ ಸೇರಿದ್ದು ನೀವು ರಿವರ್‌ನಲ್ಲಿ 60 ಹಾಕುವ ಎಲೆಗಳಲ್ಲಿ ಮೇಲಿನ ಅರ್ಧಕ್ಕೆ ಸೇರುತ್ತದೆ. ಇದನ್ನೇ ಬಿಟ್ಟರೆ ಇನ್ನು ಯಾವುದನ್ನು ಕಾಲ್ ಮಾಡುತ್ತೀರಿ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ 2017ರಲ್ಲಿ ನಾಲ್ವರು ವೃತ್ತಿಪರರನ್ನು ಒಬ್ಬರಿಗೊಬ್ಬರ ಆಟದಲ್ಲಿ ಸೋಲಿಸಿದ್ದು, 2019ರಲ್ಲಿ ಪ್ಲೂರಿಬಸ್ ಎಂಬ ಇನ್ನೊಂದು ಪ್ರೋಗ್ರಾಂ ಆರು ಜನರ ಟೇಬಲ್‌ನಲ್ಲಿ ಗೆದ್ದದ್ದು, ಎದುರಾಳಿಯ ಮುಖ ನೋಡಿ ಅಲ್ಲ. ಯಾರೂ ತಮ್ಮನ್ನು ಸುಲಿಯಲಾಗದ ಸಮತೋಲನದ ಹತ್ತಿರಕ್ಕೆ ಹೋಗಿ. ಕಣ್ಣಂದಾಜಿಗಿಂತ ಆ ದಾರಿ ವಾಸಿ.

ತೀನ್‌ಪತ್ತಿಯಿಂದ_ಬಂದವಳು:

ಸಾಲ್ವರ್‌ಪ್ರಿಯ ಅವರೇ, ಸಮತೋಲನದ ಆಟ ನಿಮ್ಮನ್ನು ಸುಲಿಗೆಯಿಂದ ಕಾಪಾಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸುಲಿಯಲು ಹೊರಟಿರದವರ ಎದುರು ಆ ಕಾವಲಿಗೆ ನೀವು ಕೊಡುವ ಕೂಲಿ ಹೆಚ್ಚಾಗುತ್ತದೆ. ನೂರರಲ್ಲಿ 44ರ ಲೆಕ್ಕ ಬ್ಲಫ್ ಮಾಡುವ ಮನಸ್ಸಿರುವ ಎದುರಾಳಿಗೆ ಅನ್ವಯಿಸುತ್ತದೆ. ಈ ಟೇಬಲ್‌ಗಳಲ್ಲಿ ಬಣ್ಣ ಕೂಡದೆ ಹೋದ ಮನುಷ್ಯ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾನೆ: ಬೇಸರದಿಂದ ಚೆಕ್ ಮಾಡಿ ನಿಮ್ಮ ಬೆಟ್‌ಗೆ ಎಲೆ ಎಸೆಯುತ್ತಾನೆ, ಇಲ್ಲವೇ ತಾನೇ ಮೊದಲು ಬೆಟ್ ಹಾಕಿ ನಿಮ್ಮನ್ನು ಓಡಿಸಲು ನೋಡುತ್ತಾನೆ. ಚೆಕ್ ಮಾಡಿ, ನೀವು ಹಾಕುವವರೆಗೆ ಕಾದು, ಆಮೇಲೆ ಎಲ್ಲವನ್ನೂ ತಳ್ಳಿ ಬ್ಲಫ್ ಮಾಡುವುದಕ್ಕೆ ಬೇರೆಯೇ ಧೈರ್ಯ ಬೇಕು. ಕಾಲ್ ಮಾಡಿ ನೋಡುವುದೇ ಸ್ವಭಾವವಾಗಿರುವವರಲ್ಲಿ ಅದು ದಿಢೀರನೆ ಹುಟ್ಟುವುದಿಲ್ಲ. ಹದಿನೈದರಲ್ಲಿ ಐದು ಎಂಬುದು ಕಾಗದದ ಮೇಲಷ್ಟೇ. ಇಂಥವರಲ್ಲಿ ನಾನು ಒಂದನ್ನೂ ಎಣಿಸುವುದಿಲ್ಲ. ಎಲೆ ಬಿಡಿ. ರಿವರ್ ವಿಷಯ ನನ್ನ ಮಟ್ಟಿಗೆ ಇಷ್ಟೇ.

ನಿಜವಾಗಿ ಮಾತಾಡಬೇಕಾದದ್ದು ಫ್ಲಾಪ್ ಮತ್ತು ಟರ್ನ್ ಬಗ್ಗೆ. 58ಕ್ಕೆ 25, 108ಕ್ಕೆ 50. ಈ ಎರಡು ಗಾತ್ರಗಳು ಎಲ್ಲಿಂದ ಬಂದವು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಟರ್ನ್‌ನಲ್ಲಿ ಎರಡು ಇಸ್ಪೀಟು ಹಿಡಿದವರ ಕಡೆಯಿಂದ ನೋಡೋಣ. ಉಳಿದ 46 ಎಲೆಗಳಲ್ಲಿ ಒಂಬತ್ತು ಅವರವು, ಮೂವತ್ತೇಳು ನಿಮ್ಮವು. ಮೂವತ್ತೇಳು ಸಲ 50 ಕಳೆದದ್ದನ್ನು ಒಂಬತ್ತು ಸಲದಲ್ಲಿ ತುಂಬಿಕೊಳ್ಳಬೇಕಾದರೆ ಪ್ರತಿ ಸಲ 206 ಸಿಗಬೇಕು. 158 ಆಗಲೇ ಟೇಬಲ್ ಮೇಲಿದೆ. ಬಣ್ಣ ಕೂಡಿದ ಮೇಲೆ ನಿಮ್ಮಿಂದ ಸರಾಸರಿ 48 ಡಾಲರ್ ಕಿತ್ತರೆ ಅವರ ಕಾಲ್ ಸರಿಯಾಯಿತು. ರಾಣಿ-ಎಕ್ಕ ಹಿಡಿದ ನೀವು ಅಷ್ಟು ಕೊಡದೆ ಇರುತ್ತೀರಾ?

ಈಗ ಇನ್ನೊಂದು ದಾರಿ ನೋಡಿ. ಫ್ಲಾಪ್‌ನಲ್ಲಿ 40 ಹಾಕುತ್ತೀರಿ. ಒಬ್ಬರು ಬಂದರೆ ಪಾಟ್ 138, ನಿಮ್ಮಲ್ಲಿ ಉಳಿದದ್ದು 242. ಟರ್ನ್‌ನಲ್ಲಿ 95 ಹಾಕುತ್ತೀರಿ. ಅದೇ ಮೂವತ್ತೇಳು-ಒಂಬತ್ತರ ಲೆಕ್ಕದಲ್ಲಿ ಅವರಿಗೆ ಪ್ರತಿ ಸಲ 390 ಸಿಗಬೇಕು. ಟೇಬಲ್ ಮೇಲಿರುವುದು 233. ಇನ್ನು 157 ಬೇಕು, ಆದರೆ ನಿಮ್ಮಲ್ಲಿ ಉಳಿದಿರುವುದೇ 147. ಅಂದರೆ ರಿವರ್‌ನಲ್ಲಿ ಬಣ್ಣ ಕೂಡಿ ನೀವು ಕಣ್ಣುಮುಚ್ಚಿ ಎಲ್ಲವನ್ನೂ ಕೊಟ್ಟರೂ ಅವರ ಟರ್ನ್ ಕಾಲ್ ನಷ್ಟದ್ದೇ. ಇಷ್ಟು ಭದ್ರತೆ ಕೇವಲ ಗಾತ್ರದಿಂದ ಸಿಗುತ್ತದೆ. ಎದುರಾಳಿಯನ್ನು ಓದುವ ವಿದ್ಯೆ ಇದಕ್ಕೆ ಬೇಕಾಗಿಲ್ಲ.

ಇನ್ನೂ ಒಂದು. ಲೆಕ್ಕದಪುಸ್ತಕ ಅವರು ಎಣಿಸಿದ ಒಂಬತ್ತು ಸೆಟ್‌ಗಳಲ್ಲಿ ಮೂರು 33ರವು. ರಾಣಿ-8-4 ಫ್ಲಾಪ್‌ನಲ್ಲಿ, ಹಿಂದೆ ಇನ್ನೊಬ್ಬರು ಆಡುವುದು ಬಾಕಿ ಇರುವಾಗ, 33 ಹಿಡಿದವರು 25ಕ್ಕೆ "ಇರಲಿ, ನೋಡೋಣ" ಎನ್ನುತ್ತಾರೆ. 40ಕ್ಕೆ ಅವರಲ್ಲಿ ಹೆಚ್ಚಿನವರು ಎಲೆ ಬಿಡುತ್ತಾರೆ. ರಿವರ್‌ನಲ್ಲಿ ನಿಮ್ಮನ್ನು ಕಾಡುವ ಎಲೆಗಳಲ್ಲಿ ಕೆಲವನ್ನು ಒಳಗೆ ಕರೆದುಕೊಂಡು ಬಂದದ್ದು ನಿಮ್ಮ ಫ್ಲಾಪ್ ಬೆಟ್ಟೇ.

ಬಟನ್‌ಸೀಟು:

25 ಹಾಕಿದ್ದರ ಹಿಂದೆ ನನ್ನ ಯೋಚನೆ ಇದ್ದದ್ದು ಹೀಗೆ: ಎದುರಿಗೆ ಇಬ್ಬರಿದ್ದಾರೆ, ದೊಡ್ಡದಾಗಿ ಹಾಕಿದರೆ ರಾಣಿ-10, ರಾಣಿ-9ರಂಥವು ಹೋಗಿಬಿಡುತ್ತವೆ, ನನಗಿಂತ ಕೆಳಗಿನವರನ್ನು ಒಳಗೆ ಉಳಿಸಿಕೊಳ್ಳಬೇಕು. ಹಾಗೆಯೇ ಒಂದೇ ಜೋಡಿ ಹಿಡಿದು ನೂರು ಬಿಗ್ ಬ್ಲೈಂಡ್‌ನಷ್ಟು ಹಣವನ್ನು ಪೂರ್ತಿ ಒಳಗೆ ಹಾಕುವುದಕ್ಕೆ ಹಿಂಜರಿಕೆಯೂ ಇತ್ತು. ಈ ಎರಡನೆಯದಕ್ಕೆ ನಿಮ್ಮ ಉತ್ತರವೇನು?

ತೀನ್‌ಪತ್ತಿಯಿಂದ_ಬಂದವಳು:

ಮೊದಲನೆಯದಕ್ಕೆ: ನಿಮ್ಮ ಟೇಬಲ್‌ನಲ್ಲಿ ರಾಣಿ-10 ಹಿಡಿದು 25ಕ್ಕೆ ಇದ್ದು 40ಕ್ಕೆ ಹೋಗುವವರು ಯಾರಾದರೂ ಇದ್ದಾರೆಯೇ? ಮೇಲಿನ ಜೋಡಿ ಕಂಡ ಮೇಲೆ ಅವರು ಗಾತ್ರ ನೋಡುವುದನ್ನೇ ನಿಲ್ಲಿಸುತ್ತಾರೆ. ನಾನು ನ್ಯೂಜೆರ್ಸಿಯಲ್ಲಿ ನಮ್ಮವರ ಮನೆಯಾಟಗಳಲ್ಲಿ ಕೂತವಳು. ದೀಪಾವಳಿಗೆ ತೀನ್ ಪತ್ತಿ ಆಡಿ ಬೆಳೆದವರಿಗೆ "ಶೋ" ಕೇಳುವ ಚಟ ಹೋಗುವುದಿಲ್ಲ, ಕೊನೆಗೆ ಎಲೆ ನೋಡಲೇಬೇಕು. ಕಾರ್ಡ್‌ರೂಮಿನ ಶನಿವಾರದ ಜನವೂ ಅದಕ್ಕಿಂತ ಬಹಳ ಭಿನ್ನವಲ್ಲ. ಕಾಲ್ ಮಾಡುವವರ ಎದುರು ದರ ಏರಿಸಬೇಕು, ಬ್ಲಫ್ ನಿಲ್ಲಿಸಬೇಕು. ನೀವು ದರ ಇಳಿಸಿದ್ದೀರಿ.

ಎರಡನೆಯದಕ್ಕೆ: ಫ್ಲಾಪ್‌ನಲ್ಲಿ ನಿಮ್ಮ ಬಳಿ 282 ಇತ್ತು, ಪಾಟ್ 58. ಪಾಟ್‌ನ ಐದು ಪಟ್ಟಿಗೆ ಸ್ವಲ್ಪ ಕಡಿಮೆ. ಈ ಆಳದಲ್ಲಿ ಎಕ್ಕ-ರಾಣಿ ಹಿಡಿದು ಮೂರೂ ಬೀದಿಯಲ್ಲಿ (ಫ್ಲಾಪ್, ಟರ್ನ್, ರಿವರ್ ಸುತ್ತುಗಳಲ್ಲಿ) ಹಣ ಹಾಕುವುದು ಬಲಹೀನ ಕಾಲ್‌ಗಾರರ ಎದುರು ಸಹಜವಾದದ್ದೇ. ಆದರೆ ಎರಡು ಬೀದಿಯಲ್ಲಿ ದೊಡ್ಡದಾಗಿ ಹಾಕಿದ ಮಾತ್ರಕ್ಕೆ ಮೂರನೆಯದರಲ್ಲೂ ಹಾಕಲೇಬೇಕೆಂಬ ಹರಕೆಯೇನೂ ಇಲ್ಲ. ಇಸ್ಪೀಟು ಬಿದ್ದರೆ ಚೆಕ್ ಮಾಡಿ. ನಡುವೆ ಅವರು ಏರಿಸಿದರೆ ಬಿಡಿ. ಹಣ ದೊಡ್ಡದಾಗಿ ಒಳಹೋಗಬೇಕಾದದ್ದು ಕೆಳಗಿನ ಎಲೆಗಳು ಇನ್ನೂ ಆಸೆಯಿಂದ ಕಾಲ್ ಮಾಡುತ್ತಿರುವ ಹೊತ್ತಿನಲ್ಲಿ, ಅಂದರೆ ಫ್ಲಾಪ್ ಮತ್ತು ಟರ್ನ್‌ನಲ್ಲಿ. ರಿವರ್‌ನಲ್ಲಿ ಆ ಆಸೆ ಸತ್ತಿರುತ್ತದೆ.

ಹೊಸಬ_ಬೆಂಗಳೂರು:

ನಾನು ಕಲಿಯುವವನು. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದ ಮೇಲೆ ನಾವು ಕೆಲವು ಗೆಳೆಯರು ಬರಿಯ ಚಿಪ್ಸ್ ಇಟ್ಟುಕೊಂಡು, ದುಡ್ಡಿಲ್ಲದೆ ಆಡಿ, ಹ್ಯಾಂಡ್‌ಗಳನ್ನು ಬರೆದಿಟ್ಟು ಚರ್ಚಿಸುತ್ತೇವೆ. ಮೂವತ್ತೇಳು-ಒಂಬತ್ತರ ಭಾಗಾಕಾರವನ್ನು ಟೇಬಲ್‌ನಲ್ಲಿ ಕೂತು ಮಾಡುವುದು ಹೇಗೆ? ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಲೆಕ್ಕದಪುಸ್ತಕ:

ಟೇಬಲ್‌ನಲ್ಲಿ ಕೂತು ಯಾರೂ ಅದನ್ನು ಮಾಡುವುದಿಲ್ಲ, ಮನೆಯಲ್ಲಿ ಮಾಡಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಬೆಲೆಗಳು ಬೆರಳೆಣಿಕೆಯಷ್ಟೇ. ಎದುರಾಳಿ ಪಾಟ್‌ನ ಅರ್ಧ ಹಾಕಿದರೆ ನಿಮಗೆ ಶೇಕಡಾ 25 ಬೇಕು, ಮೂರನೇ ಎರಡು ಭಾಗ ಹಾಕಿದರೆ ಸುಮಾರು 29, ಪಾಟ್‌ನಷ್ಟೇ ಹಾಕಿದರೆ 33. ಕೂಡಬೇಕಾದ ಎಲೆಗಳ ಸಂಖ್ಯೆಯನ್ನು ಒಂದು ಎಲೆ ಬಾಕಿಯಿದ್ದಾಗ ಎರಡರಿಂದ, ಎರಡು ಎಲೆ ಬಾಕಿಯಿದ್ದಾಗ ನಾಲ್ಕರಿಂದ ಗುಣಿಸಿದರೆ ಶೇಕಡಾವಾರು ಬರುತ್ತದೆ. ಬಣ್ಣಕ್ಕೆ ಒಂಬತ್ತು ಎಲೆ ಎಂದರೆ 18 ಮತ್ತು 36. ನಿಜವಾದ ಅಂಕಿ 19.6 ಮತ್ತು 35. ಹದಿನೈದು ಎಲೆಗಳಂಥ ದೊಡ್ಡ ಸಂಖ್ಯೆಗೆ ಮಾತ್ರ ಈ ಗುಣಾಕಾರ ಹಳಿ ತಪ್ಪುತ್ತದೆ: 60 ಎನ್ನುತ್ತದೆ, ನಿಜದಲ್ಲಿ 54.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಫ್ಲಾಪ್‌ನಲ್ಲಿ 36 ಎಂದು ಎಣಿಸಿ ಕಾಲ್ ಮಾಡುತ್ತಾರೆ, ಆದರೆ ಟರ್ನ್‌ನಲ್ಲಿ ಇನ್ನೊಂದು ಬೆಟ್ ಬರುತ್ತದೆ ಎಂಬುದನ್ನು ಮರೆಯುತ್ತಾರೆ. ಎಲ್ಲ ಹಣ ಫ್ಲಾಪ್‌ನಲ್ಲೇ ಒಳಹೋಗಿ ಎರಡೂ ಎಲೆ ಪುಕ್ಕಟೆ ಸಿಗುವಾಗ ಮಾತ್ರ ನಾಲ್ಕರ ಗುಣಾಕಾರ ಸಲ್ಲುತ್ತದೆ. ಉಳಿದ ಎಲ್ಲ ಸಂದರ್ಭದಲ್ಲೂ ಎರಡರಿಂದಲೇ ಗುಣಿಸಿ.

ದುಡ್ಡಿಲ್ಲದ ಆಟದಲ್ಲಿ ಬೆಲೆಯ ಲೆಕ್ಕ ಕಲಿಯಬಹುದು, ಆದರೆ ಎಲೆ ಬಿಡುವವರೇ ಇರುವುದಿಲ್ಲವಾದ್ದರಿಂದ ಬ್ಲಫ್ ಬಗ್ಗೆ ಅಲ್ಲಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಸಾಲ್ವರ್‌ಪ್ರಿಯ:

ತೀನ್‌ಪತ್ತಿಯವರ ಟರ್ನ್ ಲೆಕ್ಕವನ್ನು ಒಪ್ಪುತ್ತೇನೆ, ಅದು ಚೆನ್ನಾಗಿದೆ. ಆದರೆ ರಿವರ್‌ನಲ್ಲಿ 208ಕ್ಕೆ 60 ಹಾಕಿದ್ದನ್ನು ಯಾರೂ ಪ್ರಶ್ನಿಸಲಿಲ್ಲವಲ್ಲ. ದೊಡ್ಡದಾಗಿ ಹಾಕಬೇಕೆಂಬ ತತ್ತ್ವ ಅಲ್ಲಿಗೂ ಅನ್ವಯಿಸಬೇಡವೇ? ಇಲ್ಲವೇ ಕಾಲ್ ಮಾಡುವ ಮನಸ್ಸಿಲ್ಲದಿದ್ದರೆ ಸುಮ್ಮನೆ ಚೆಕ್ ಮಾಡಿ ಎಲೆ ತೋರಿಸಬಹುದಿತ್ತು.

ಲೆಕ್ಕದಪುಸ್ತಕ:

ನನ್ನ ಲೆಕ್ಕದಲ್ಲಿ ಈ ಹ್ಯಾಂಡಿನ ಅತ್ಯುತ್ತಮ ಬೆಟ್ಟೇ ಆ 60. ಕಾರಣ ಹೇಳುತ್ತೇನೆ. ರಾಣಿಯ ಜೊತೆ ರಾಜ, ಗುಲಾಮ, 10 ಇರುವವು ತಲಾ ಎಂಟು ಬಗೆ, ಒಟ್ಟು ಇಪ್ಪತ್ತನಾಲ್ಕು. ಇವೆಲ್ಲ 60ಕ್ಕೆ ಕಾಲ್ ಮಾಡುತ್ತವೆ. ಕೈಯಲ್ಲಿ 10ರ ಜೋಡಿ, 9ರ ಜೋಡಿ ಇರುವವು ಇನ್ನು ಹನ್ನೆರಡು. ಇವೂ ಕುತೂಹಲಕ್ಕೆ 60 ಕೊಡುತ್ತವೆ ಎಂದುಕೊಳ್ಳೋಣ. ಮೂವತ್ತಾರರಿಂದ ತಲಾ 60 ಬಂತು, ಸೋಲಿಸುವ ಹದಿನಾಲ್ಕಕ್ಕೆ ತಲಾ 60 ಹೋಯಿತು: ನಿವ್ವಳ 1,320. ಬದಲಿಗೆ 110 ಹಾಕಿದರೆ 10 ಮತ್ತು 9ರ ಜೋಡಿಗಳು ಎಲೆ ಬಿಡುತ್ತವೆ, ರಾಣಿಗಳಲ್ಲೂ ನಾಲ್ಕು ಹೋಗುತ್ತವೆ ಎಂದು ಹಿಡಿಯಿರಿ. ಇಪ್ಪತ್ತರಿಂದ 2,200 ಬಂತು, ಹದಿನಾಲ್ಕಕ್ಕೆ 1,540 ಹೋಯಿತು: 660. ಅರ್ಧಕ್ಕಿಳಿಯಿತು. ನನ್ನ ಊಹೆಯನ್ನು ಬದಲಿಸಿ, ಇಪ್ಪತ್ತನಾಲ್ಕು ರಾಣಿಗಳೂ 110ಕ್ಕೆ ಇರುತ್ತವೆ ಎಂದರೂ 1,100 ದಾಟುವುದಿಲ್ಲ. ಚೆಕ್ ಮಾಡಿದರೆ ಇದ್ಯಾವುದೂ ಇಲ್ಲ, ಸೊನ್ನೆ.

ಈ ಲೆಕ್ಕ ನಿಂತಿರುವುದು ಒಂದೇ ಷರತ್ತಿನ ಮೇಲೆ. ಅವರು ಏರಿಸಿದಾಗ 147ನ್ನು ಕೊಡುವುದಿಲ್ಲ ಎಂದು 60 ಹಾಕುವ ಮೊದಲೇ ತೀರ್ಮಾನವಾಗಿರಬೇಕು. ಹದಿನಾಲ್ಕಕ್ಕೆ ತಲಾ 60ರ ಬದಲು 207 ಹೋದರೆ ನಷ್ಟ 2,898 ಆಗುತ್ತದೆ. ಮೂವತ್ತಾರರಿಂದ ಬಂದ 2,160 ಅದರಲ್ಲಿ ಮುಳುಗಿಹೋಗುತ್ತದೆ. ಒಳ್ಳೆಯ ಸಣ್ಣ ಬೆಟ್ಟನ್ನು ಕೆಟ್ಟ ಕಾಲ್ ತಿಂದುಹಾಕುವುದು ಹೀಗೆ. ಏರಿಕೆ ಬಂದ ಮೇಲೆ ಕೂತು ಯೋಚಿಸುವವನಿಗೆ ಪಾಟ್‌ನ ಗಾತ್ರ ಕಣ್ಣಿಗೆ ಹೊಡೆಯುತ್ತದೆ, ತಾನಾಗಲೇ 153 ಹಾಕಿದ್ದೇನೆ ಎಂಬುದು ಮನಸ್ಸಿಗೆ ಚುಚ್ಚುತ್ತದೆ, "ನಾಲ್ಕರಲ್ಲಿ ಒಂದು" ಎಂಬ ಸಮಾಧಾನವೂ ಕೈಗೆ ಸಿಗುತ್ತದೆ.

ಸಾಲ್ವರ್‌ಪ್ರಿಯ:

ಅದನ್ನು ಒಪ್ಪುತ್ತೇನೆ. ಅಪರಿಚಿತ ಯುವಕನೊಬ್ಬ, ಆಗಾಗ ಏರಿಸುವವನು, ಹೀಗೆ ಮಾಡಿದ್ದರೆ ನಾನು ಈಗಲೂ ಕಾಲ್ ಮಾಡುತ್ತಿದ್ದೆ. ಈ ಅರವತ್ತರ ಹಿರಿಯರಿಗೆ ಎಲೆ ಬಿಡುವುದಕ್ಕೆ ನನ್ನ ಅಭ್ಯಂತರವಿಲ್ಲ.

ರೂಮಿನ_ಕೂಲಿ:

ಯಾರೂ ಪ್ರಸ್ತಾಪಿಸದ ಒಂದು ವಿಷಯವಿದೆ. ಕ್ಯಾಲಿಫೋರ್ನಿಯಾದಲ್ಲಿ ಪಾಟ್‌ನ ಶೇಕಡಾವಾರು ಪಾಲನ್ನು ರೂಮು ತೆಗೆದುಕೊಳ್ಳುವುದಕ್ಕೆ ಕಾನೂನು ಅಡ್ಡಿಯಿದೆ. ಹಾಗಾಗಿ ಹ್ಯಾಂಡಿಗೆ ಇಷ್ಟು ಎಂಬ ನಿಗದಿತ ಶುಲ್ಕ. 20 ಡಾಲರ್ ಪಾಟ್‌ನಲ್ಲಿ ಆ ಶುಲ್ಕ ದೊಡ್ಡ ತುಂಡನ್ನೇ ಕಚ್ಚುತ್ತದೆ, 400 ಡಾಲರ್ ಪಾಟ್‌ನಲ್ಲಿ ಗೊತ್ತೂ ಆಗುವುದಿಲ್ಲ. ಸಣ್ಣ ಪಾಟ್‌ಗಳನ್ನು ಹಲವು ಸಲ ಗೆದ್ದು ರಾತ್ರಿ ಮುಗಿಸಿದವರು ಎದ್ದು ಹೋಗುವಾಗ ಲೆಕ್ಕ ಹೊಂದದೆ ತಲೆ ಕೆರೆದುಕೊಳ್ಳುವುದು ಇದರಿಂದಲೇ. ಒಳ್ಳೆಯ ಎಲೆ ಬಂದಾಗ ಫ್ಲಾಪ್-ಟರ್ನ್‌ನಲ್ಲಿ ಪಾಟ್ ಬೆಳೆಸಬೇಕೆಂಬುದಕ್ಕೆ ಇದೂ ಒಂದು ಕಾರಣ. ಮೂಲ ಪ್ರಶ್ನೆಯ 18ರ ಏರಿಕೆ ಆ ದೃಷ್ಟಿಯಿಂದಲೂ ಸರಿ. 3 ಡಾಲರ್ ಹಾಕಿ ಒಳಬರುವ ಇಬ್ಬರ ಪದ್ಧತಿಯೇ ಅಲ್ಲಿ ತುಟ್ಟಿಯದು.

ಬಟನ್‌ಸೀಟು:

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ವಂದನೆಗಳು. ಎಲೆ ಬಿಟ್ಟೆ, ಅವರು ತಮ್ಮ ಎಲೆಗಳನ್ನು ಮಗುಚಿಯೇ ಡೀಲರ್ ಕಡೆಗೆ ತಳ್ಳಿದರು, ಏನಿತ್ತೋ ಯಾರಿಗೂ ಕಾಣಲಿಲ್ಲ. ಆ ಕಾರಣಕ್ಕೇ ಇದನ್ನು ಇಲ್ಲಿ ತಂದೆ. ಇನ್ನೊಂದು ಪ್ರಶ್ನೆ ಉಳಿದಿದೆ. ಅದೇ ರಿವರ್‌ನಲ್ಲಿ ಅವರು ಚೆಕ್ ಮಾಡುವ ಬದಲು ತಾವೇ ಮೊದಲು 100 ಹಾಕಿದ್ದರೆ?

ತೀನ್‌ಪತ್ತಿಯಿಂದ_ಬಂದವಳು:

ಆಗ ನಿಮಗೆ ಬೇಕಾದದ್ದು 408ಕ್ಕೆ 100, ಶೇಕಡಾ 24.5. ಬೆಲೆ ಹೆಚ್ಚುಕಡಿಮೆ ಆಲ್-ಇನ್‌ನಷ್ಟೇ, ಆದರೆ ಉತ್ತರ ಬೇರೆ. ಬಣ್ಣ ತಪ್ಪಿದವರು ಕೊನೆಯ ಪ್ರಯತ್ನವೆಂದು ಹಾಕುವ ಬೆಟ್ ಇದೇ. ಹದಿನೈದರಲ್ಲಿ ನಾಲ್ಕೈದು ಇಲ್ಲಿ ನಿಜವಾಗಿಯೂ ಸಿಗುತ್ತವೆ. ಜೊತೆಗೆ ರಾಜ-ರಾಣಿ ಹಿಡಿದು, ನೀವು ಚೆಕ್ ಮಾಡಿಬಿಟ್ಟೀರೆಂಬ ಆತಂಕಕ್ಕೆ ತಾವೇ ಹಾಕುವವರೂ ಇರುತ್ತಾರೆ, ಅವರನ್ನೂ ನೀವು ಗೆಲ್ಲುತ್ತೀರಿ. ಅದಕ್ಕೆ ನಾನು ಕಾಲ್ ಮಾಡುತ್ತೇನೆ, ಏರಿಸುವುದಿಲ್ಲ. ಏರಿಸಿದರೆ ಉಳಿಯುವುದು ನಮ್ಮನ್ನು ಸೋಲಿಸುವ ಆ ಹದಿನಾಲ್ಕೇ.